ಕರಾರಿಗೂ ಕ್ರಯಕ್ಕೂ ನಡುವೆ

ನಿಶ್ಚಿತಾರ್ಥವಾದ ಮೇಲೆ, ಮುಹೂರ್ತಕ್ಕೆ ಮೊದಲು, ಗಂಡಿನ ಕಡೆಯಿಂದ ಬರುವ ‘ಸಣ್ಣಪುಟ್ಟ’ ಕೋರಿಕೆಗಳ ರುಚಿಯನ್ನು ಹೆಣ್ಣು ಹೆತ್ತವರು ತಲೆತಲಾಂತರದಿಂದ ಬಲ್ಲರು. ಮಾತು ಮುಗಿದಿದೆ, ತಾಂಬೂಲ ಬದಲಾಗಿದೆ, ಲಗ್ನಪತ್ರಿಕೆ ಹಂಚಿಯಾಗಿದೆ. ಇನ್ನು ‘ಆಗದು’ ಎನ್ನುವ ಧೈರ್ಯ ಹೆಣ್ಣಿನ ತಂದೆಗಿಲ್ಲ. ಆ ಧೈರ್ಯವಿಲ್ಲವೆಂಬುದನ್ನು ಚೆನ್ನಾಗಿ ಅರಿತೇ ಕೋರಿಕೆ ಆ ಹೊತ್ತಿನಲ್ಲಿ ಬರುತ್ತದೆ. ಮನೆ ಮಾರಾಟದಲ್ಲಿಯೂ ಇಂಥದೇ ಒಂದು ಕಾಲವುಂಟು. ಕರಾರಾಗಿದೆ, ಮುಂಗಡ ಕೈಬದಲಾಗಿದೆ, ಕ್ರಯಪತ್ರ ಇನ್ನೂ ನೋಂದಣಿಯಾಗಿಲ್ಲ. ಈ ಒಂದು ತಿಂಗಳು, ಮೂರು ತಿಂಗಳ ಅಂತರಕ್ಕೆ ಕನ್ನಡದಲ್ಲಿ ಹೆಸರಿಲ್ಲ. ದಲ್ಲಾಳಿಗೆ ಮಾತ್ರ ಇದು ಸುಗ್ಗಿಯ ಕಾಲ.

‘ದಲ್ಲಾಳಿ’ ಎಂಬ ಶಬ್ದ ಅರಬ್ಬಿಯಿಂದ ಬಂದದ್ದು. ಅದರ ಮೂಲದಲ್ಲಿ ದಾರಿ ತೋರಿಸುವವನು ಎಂಬ ಅರ್ಥವಿದೆ. ಒಳ್ಳೆಯ ಅರ್ಥವೇ. ಊರಿಗೆ ಹೊಸಬನಾದವನಿಗೆ ಯಾವ ಬೀದಿಯಲ್ಲಿ ಯಾವ ಮನೆ ಮಾರಾಟಕ್ಕಿದೆಯೆಂದು ತೋರಿಸುವುದು, ಕೊಡುವವನನ್ನೂ ಕೊಳ್ಳುವವನನ್ನೂ ಒಂದೆಡೆ ಕೂರಿಸುವುದು, ಬೆಲೆಯ ಮಾತಿನಲ್ಲಿ ಇಬ್ಬರ ಮಾನವನ್ನೂ ಉಳಿಸುವುದು, ಇವೆಲ್ಲ ಕೆಲಸವೇ ಸರಿ. ಅದಕ್ಕೆ ಕೂಲಿ ಸಲ್ಲಬೇಕಾದದ್ದೂ ನ್ಯಾಯವೇ. ನನ್ನ ಜಗಳ ದಾರಿ ತೋರಿಸುವವನೊಡನೆ ಅಲ್ಲ. ದಾರಿಯ ನಡುವೆ ನಿಲ್ಲಿಸಿ, ಹಿಂದಕ್ಕೆ ಹೋಗಲಾಗದ ಜಾಗದಲ್ಲಿ, ‘ಇದೊಂದು ಫಾರ್ಮಾಲಿಟಿ ಅಷ್ಟೆ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂದು ಕೈಯೊಡ್ಡುವವನೊಡನೆ. ಅವನಿಗಿಂತಲೂ ಮಿಗಿಲಾಗಿ, ಓದುಬರಹ ಬಲ್ಲವರಾಗಿದ್ದೂ ‘ಆಗಲಿ’ ಎಂದು ತಲೆಯಾಡಿಸುವ ನಮ್ಮೊಡನೆ.

ಮೊದಲು ಈ ನಡುಗಾಲದಲ್ಲಿ ನಾವು ಎಲ್ಲಿ ನಿಂತಿರುತ್ತೇವೆಂಬುದನ್ನು ತಿಳಿಯಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮು ಎರಡು ಮಾತನ್ನು ಸ್ಪಷ್ಟವಾಗಿ ಹೇಳಿದೆ. 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಮಾರಾಟ ನೋಂದಾಯಿತ ಪತ್ರದ ಮೂಲಕವೇ ಆಗತಕ್ಕದ್ದು. ಮಾರಾಟದ ಕರಾರು ತಾನಾಗಿಯೇ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸದು. ಅಂದರೆ ಕರಾರಿನ ಮೇಲೆ ರುಜು ಹಾಕಿ, ಲಕ್ಷಗಟ್ಟಲೆ ಮುಂಗಡ ಎಣಿಸಿ, ನೆಂಟರಿಗೆಲ್ಲ ಸಿಹಿ ಹಂಚಿ ಬಂದ ಮನುಷ್ಯನಿಗೆ ಇನ್ನೂ ಮನೆಯ ಒಂದು ಇಟ್ಟಿಗೆಯೂ ಸೇರಿಲ್ಲ. ಮಾತಿಗೆ ತಪ್ಪಿದವನ ಮೇಲೆ ದಾವೆ ಹೂಡುವ ಹಕ್ಕು ಅವನಿಗುಂಟು. ತಾನು ಕೊಟ್ಟ ಮುಂಗಡಕ್ಕೆ ಆ ಸ್ವತ್ತನ್ನೇ ಹೊಣೆಯಾಗಿ ಹಿಡಿಯಲು 55ನೆಯ ಕಲಮಿನಲ್ಲಿ ಅವಕಾಶವೂ ಉಂಟು. ಆದರೆ ಕೊಟ್ಟೆನೆಂದು ತೋರಿಸಬಲ್ಲ ಹಣಕ್ಕೆ ಮಾತ್ರ. ಮಾರುವವನ ಸ್ಥಿತಿಯೂ ಅಷ್ಟೆ. ಮನೆ ಅವನದೇ, ಆದರೆ ಅದನ್ನು ಮತ್ತೊಬ್ಬನಿಗೆ ಮಾರಲಾರ. ಇಬ್ಬರೂ ಕಟ್ಟುಬಿದ್ದವರು. ಕಟ್ಟುಬೀಳದವನು ಇವರಲ್ಲಿ ಒಬ್ಬನೇ. ಕರಾರಿನಲ್ಲಿ ಅವನ ಹೆಸರಿಲ್ಲ, ಸಾಕ್ಷಿಯ ಜಾಗದಲ್ಲಿ ಕೂಡ ಅನೇಕ ವೇಳೆ ಅವನ ರುಜುವಿಲ್ಲ.

ಈಗ ಆ ಕೋರಿಕೆಗಳನ್ನು ಒಂದೊಂದಾಗಿ ನೋಡೋಣ. ಯಾವುದೂ ಕೋರಿಕೆಯ ರೂಪದಲ್ಲಿ ಬರುವುದಿಲ್ಲವೆಂಬುದನ್ನು ಮರೆಯಬಾರದು. ಕೆಲವು ಉಪಕಾರದ ವೇಷದಲ್ಲಿ ಬರುತ್ತವೆ, ಕೆಲವು ಶಾಸ್ತ್ರದ ವೇಷದಲ್ಲಿ.

ಶಾಸ್ತ್ರದ ವೇಷದ್ದು ಬೀಗದ ಕೈ. ‘ಅಮ್ಮಾ, ಮುಂದಿನ ವಾರ ಆಷಾಢ ಹಿಡಿಯುತ್ತೆ. ಪಾಪ, ಅವರು ಒಳ್ಳೆಯ ದಿನ ನೋಡಿಸಿದ್ದಾರೆ. ಹಾಲುಕ್ಕಿಸಿ ಹೋಗಿಬಿಡುತ್ತಾರೆ. ನಾನು ನಿಮ್ಮ ಮಗನ ಹಾಗಲ್ಲವೇ? ಬೀಗದ ಕೈ ಕೊಡಿ, ಸಂಜೆ ತಂದುಕೊಡುತ್ತೇನೆ.’ ಗಂಡನನ್ನು ಕಳೆದುಕೊಂಡು, ಮಕ್ಕಳು ದೂರದೂರಿನಲ್ಲಿದ್ದು, ಒಬ್ಬಂಟಿಯಾಗಿ ಮನೆ ಮಾರುತ್ತಿರುವ ಹೆಂಗಸು ಹಾಲುಕ್ಕಿಸಬೇಡಿರೆಂದು ಹೇಗೆ ಹೇಳಿಯಾಳು? ಸಂಜೆ ಬೀಗದ ಕೈ ಬರುವುದಿಲ್ಲ. ಮರುದಿನ ಎರಡು ಮಂಚ, ಒಂದು ಬೀರು ಒಳಗೆ ಹೋಗುತ್ತವೆ. ಆ ಮೇಲೆ ಬಾಕಿ ಹಣದ ವಾಯಿದೆ ಮುಂದಕ್ಕೆ ಹೋಗತೊಡಗುತ್ತದೆ. ಒಳಹೊಕ್ಕವರನ್ನು ಹೊರಡಿಸಬೇಕಾದರೆ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಮೇಲಾಗಿ, 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಪ್ರಕಾರ ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಸಲ್ಲಬೇಕು. ಸಲ್ಲದಿದ್ದರೆ ನ್ಯಾಯಾಲಯದಲ್ಲಿ ಆ ಕಾಗದವನ್ನು ಮುಂದಿಡುವಾಗ ಕೊರತೆಯ ಶುಲ್ಕವನ್ನೂ ದಂಡವನ್ನೂ ಕಟ್ಟಬೇಕಾದೀತು. ಆಷಾಢ ಒಂದು ತಿಂಗಳಲ್ಲಿ ಮುಗಿಯುತ್ತದೆ, ವ್ಯಾಜ್ಯ ಮುಗಿಯುವುದಿಲ್ಲ.

ಉಪಕಾರದ ವೇಷದ್ದು ಅಧಿಕಾರಪತ್ರ. ‘ಮೇಷ್ಟ್ರೇ, ನಿಮಗೆ ಪಾಠ ಪ್ರವಚನ ಇರುತ್ತೆ. ಕಂದಾಯದ ಕಚೇರಿ, ಖಾತೆಯ ಕಚೇರಿ ಅಂತ ನೀವ್ಯಾಕೆ ಅಲೆಯಬೇಕು? ನಮ್ಮ ಹುಡುಗನ ಹೆಸರಿಗೆ ಒಂದು ಜಿ.ಪಿ.ಎ. ಮಾಡಿಕೊಡಿ, ಎಲ್ಲಾ ನೋಡಿಕೊಳ್ಳುತ್ತಾನೆ.’ ಖಾತೆಯ ನಕಲು ತರುವುದಕ್ಕೆ ಒಂದು ಸಾಲಿನ ಒಪ್ಪಿಗೆ ಪತ್ರ ಸಾಕು. ಆದರೆ ಮುಂದಿಟ್ಟ ಕಾಗದದಲ್ಲಿ ಮಾರುವ, ಅಡವಿಡುವ, ಹಣ ಪಡೆಯುವ, ರಸೀದಿ ಕೊಡುವ ಅಧಿಕಾರಗಳೆಲ್ಲ ಸಾಲುಗಟ್ಟಿ ನಿಂತಿರುತ್ತವೆ. ಜಿ.ಪಿ.ಎ. ಮತ್ತು ಕರಾರುಗಳ ಮೂಲಕ ನಡೆಯುವ ‘ಮಾರಾಟ’ ಮಾರಾಟವೇ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸಾರಿ ಹೇಳಿತು. ಆದರೂ ಅಧಿಕಾರಪತ್ರ ಪಡೆದವನು ಅದರ ಬಲದಿಂದ ಮೂರನೆಯವರಿಗೆ ಸರಿಯಾದ ಕ್ರಯಪತ್ರವನ್ನೇ ನೋಂದಣಿ ಮಾಡಿಕೊಟ್ಟರೆ, ಕೊಟ್ಟ ಅಧಿಕಾರವೇ ನಮ್ಮ ಕೊರಳಿಗೆ ಉರುಳಾಗುತ್ತದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸಾಲಕ್ಕಿಂತಲೂ ಅಧಿಕಾರಪತ್ರಕ್ಕೆ ಹೆಚ್ಚು ಒಪ್ಪುತ್ತದೆ.

ಮೂರನೆಯದು ಹೆಸರಿನ ಕೋರಿಕೆ. ಕರಾರಿನಲ್ಲಿ ಕೊಳ್ಳುವವನ ಹೆಸರಿನ ಮುಂದೆ ‘ಅಥವಾ ಅವರು ಸೂಚಿಸಿದವರು’ ಎಂಬ ಮೂರು ಪದ ಸೇರಿರುತ್ತದೆ. ಮಾರುವವನು ಇದನ್ನು ಗಮನಿಸುವುದಿಲ್ಲ. ಗಮನಿಸಿದರೂ, ‘ಅವರ ಹೆಂಡತಿಯ ಹೆಸರಿಗೆ ಮಾಡಿಸಬಹುದು ಸಾರ್, ಅದಕ್ಕೆ’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ನೋಂದಣಿಗೆ ಎರಡು ದಿನವಿರುವಾಗ, ಎಂದೂ ಕಂಡರಿಯದ ಒಬ್ಬರ ಹೆಸರು ಬರುತ್ತದೆ. ‘ನಿಮಗೆ ನಿಮ್ಮ ಹಣ ಬಂದರಾಯಿತಲ್ಲ ಸಾರ್?’ ನಡೆದದ್ದೇನೆಂದರೆ, ಮೊದಲ ‘ಪಾರ್ಟಿ’ ದಲ್ಲಾಳಿಯ ಮನುಷ್ಯ. ಅಲ್ಪ ಮುಂಗಡ ಕೊಟ್ಟು, ಉದ್ದನೆಯ ವಾಯಿದೆ ಹಾಕಿಸಿ, ಆ ವಾಯಿದೆಯೊಳಗೆ ನಿಜವಾದ ಗಿರಾಕಿಯನ್ನು ಹೆಚ್ಚಿನ ಬೆಲೆಗೆ ಹಿಡಿದು, ನಡುವಿನ ಹಣವನ್ನು ಅವರಿಂದ ನಗದಾಗಿ ಪಡೆದಾಗಿದೆ. ಮಾರುವವನಿಗೂ ಮೋಸ, ಕೊಳ್ಳುವವನಿಗೂ ಮೋಸ. ಮೇಲೆ ಇಬ್ಬರಿಂದಲೂ ಕಮಿಷನ್ನು. ಇದಕ್ಕೆ 1872ರ ಕರಾರು ಕಾಯ್ದೆಯಲ್ಲಿ ಹಳೆಯ ಉತ್ತರವೇ ಇದೆ. ಒಡೆಯನಿಗೆ ತಿಳಿಸದೆ ಏಜೆಂಟನು ತನ್ನ ಸ್ವಂತ ಲಾಭಕ್ಕಾಗಿ ವ್ಯವಹಾರ ಮಾಡಿಕೊಂಡರೆ, ಆ ವ್ಯವಹಾರವನ್ನು ತಿರಸ್ಕರಿಸುವುದಕ್ಕೂ ಅದರಿಂದ ಬಂದ ಲಾಭವನ್ನು ಕೇಳುವುದಕ್ಕೂ 215 ಮತ್ತು 216ನೆಯ ಕಲಮುಗಳು ಅವಕಾಶ ಕೊಟ್ಟಿವೆ. ಆದರೆ ಅವನು ನಮ್ಮ ಏಜೆಂಟನೆಂದು ತೋರಿಸುವ ಒಂದು ಚೂರು ಕಾಗದ ಯಾರ ಬಳಿ ಇದೆ?

ನಾಲ್ಕನೆಯದು ಲೆಕ್ಕದ ಕೋರಿಕೆ. ಬ್ಯಾಂಕಿಗೆ ತೋರಿಸಲು ಹೆಚ್ಚಿನ ಬೆಲೆಯ ಒಂದು ಕರಾರು, ನೋಂದಣಿಗೆ ಮಾರ್ಗಸೂಚಿ ಬೆಲೆಯ ಒಂದು ಪತ್ರ, ನಡುವಿನದು ನಗದು. ಒಂದೇ ಮನೆಗೆ ಎರಡು ಬೆಲೆ, ಎರಡೂ ಕಾಗದದ ಮೇಲೆ ಒಂದೇ ಕೈಯ ರುಜು. ‘ಎಲ್ಲರೂ ಮಾಡುತ್ತಾರೆ’ ಎಂಬುದೊಂದೇ ಇದರ ಶಾಸ್ತ್ರಾಧಾರ. 2015ರ ಜೂನ್ 1ರಿಂದ, ಸ್ಥಿರಸ್ವತ್ತಿನ ಮಾರಾಟದಲ್ಲಿ ಮುಂಗಡವಾಗಿಯಾಗಲಿ ಬೇರೆ ರೀತಿಯಲ್ಲಾಗಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯಕೂಡದೆಂದು ಆದಾಯ ತೆರಿಗೆಯ ಕಾನೂನು ವಿಧಿಸಿದೆ. ತಪ್ಪಿದರೆ ಪಡೆದಷ್ಟೇ ಮೊತ್ತವನ್ನು ದಂಡವಾಗಿ ಹೇರಲು ಅವಕಾಶವುಂಟು. ದಂಡ ಬೀಳುವುದು ಪಡೆದವನ ಮೇಲೆ, ಅಂದರೆ ಮನೆ ಮಾರಿದವನ ಮೇಲೆ. ಕೊಂಡವನಿಗೂ ಸುಖವಿಲ್ಲ. ವ್ಯವಹಾರ ಮುರಿದರೆ ಕಾಗದದಲ್ಲಿಲ್ಲದ ಹಣವನ್ನು ಅವನು ಯಾವ ಬಾಯಿಂದ ಹಿಂದಕ್ಕೆ ಕೇಳುತ್ತಾನೆ? ಮುರಿಯದಿದ್ದರೆ, ಮುಂದೆ ತಾನು ಮಾರುವ ದಿನ ಅವನು ಕೊಂಡ ಬೆಲೆಯೆಂದು ಎಣಿಕೆಗೆ ಬರುವುದು ಪತ್ರದಲ್ಲಿ ಬರೆದದ್ದು ಮಾತ್ರ. ಉಳಿದದ್ದೆಲ್ಲ ಲಾಭವೆಂದು ಗಣಿಸಿ ತೆರಿಗೆ ಬೀಳುತ್ತದೆ. ಈ ಸಲಹೆ ಕೊಟ್ಟವನ ಹೆಸರು ಯಾವ ಕಾಗದದಲ್ಲಿಯೂ ಇಲ್ಲದ ಕಾರಣ ಅವನಿಗೆ ನೋಟೀಸು ಬರುವುದಿಲ್ಲ.

ಇದರ ತಮ್ಮನಂಥದು ತೆರಿಗೆ ಕಡಿತ ಬೇಡವೆಂಬ ಕೋರಿಕೆ. 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಮನೆಯಾದರೆ, ಕೊಳ್ಳುವವನು ನೂರಕ್ಕೆ 1ರಂತೆ ಹಿಡಿದು ಮಾರುವವನ ಲೆಕ್ಕಕ್ಕೆ ಸರ್ಕಾರಕ್ಕೆ ಕಟ್ಟಬೇಕು; ಇದು 2013ರ ಜೂನ್‌ನಿಂದ ಬಂದ ನಿಯಮ. ಮಾರುವವನು ವಿದೇಶದಲ್ಲಿ ನೆಲೆಸಿದವನಾದರೆ ಲೆಕ್ಕವೇ ಬೇರೆ, ಕಡಿತ ಇನ್ನೂ ಹೆಚ್ಚು. ‘ಅದನ್ನೆಲ್ಲ ಹಿಡಿಯಬೇಡಿ ಸಾರ್, ಅವರು ಬೇಜಾರು ಮಾಡಿಕೊಳ್ಳುತ್ತಾರೆ, ಡೀಲ್ ಕೆಟ್ಟುಹೋಗುತ್ತೆ.’ ಹಿಡಿಯದಿದ್ದರೆ ತೆರಿಗೆಗೂ ಬಡ್ಡಿಗೂ ಬಾಧ್ಯನಾಗುವವನು ಕೊಂಡವನು. ಒಬ್ಬರ ಬೇಜಾರನ್ನು ತಪ್ಪಿಸಲು ಮತ್ತೊಬ್ಬರ ಹಣ ತೆರುವುದು ಎಲ್ಲಿಯ ಮಧ್ಯಸ್ಥಿಕೆ?

ಕೊನೆಯ ದಿನದ ಕೋರಿಕೆಗಳು ಇನ್ನೂ ಸೂಕ್ಷ್ಮ. ಉಪನೋಂದಣಾಧಿಕಾರಿಯ ಕಚೇರಿಯ ಅಂಗಳದಲ್ಲಿ, ಟೋಕನ್ ಕೂಗುವ ಗದ್ದಲದಲ್ಲಿ, ದಲ್ಲಾಳಿ ಕಿವಿಯ ಬಳಿ ಬಂದು ಹೇಳುತ್ತಾನೆ: ‘ಚೆಕ್ಕು ಇಟ್ಟುಕೊಳ್ಳಿ, ಆದರೆ ಒಂದು ವಾರ ಬಿಟ್ಟು ಬ್ಯಾಂಕಿಗೆ ಹಾಕಿ. ಪತ್ರದಲ್ಲಿ ಪೂರ್ತಿ ಹಣ ಸಂದಿದೆ ಎಂದೇ ಬರೆದಿದೆ, ಅದು ಹಾಗೇ ಬರೆಯೋದು.’ ಹಾಗೇ ಬರೆಯುವುದೇನೋ ನಿಜ. ಆದರೆ ಹಾಗೆ ಬರೆದು ರುಜು ಹಾಕಿ ಹೆಬ್ಬೆಟ್ಟು ಒತ್ತಿದ ಮೇಲೆ, ಹಣ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ನೋಂದಣಿಯಾದ ಕ್ರಯ ರದ್ದಾಗುವುದಿಲ್ಲ. ಬಾಕಿ ಹಣಕ್ಕಾಗಿ ಬೇರೆ ದಾರಿ ಹಿಡಿಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರ ತೀರ್ಪೊಂದರಲ್ಲಿ ಹೇಳಿದೆ. ಒಂದು ವಾರದ ದಾಕ್ಷಿಣ್ಯಕ್ಕೆ ಒಂದು ಮನೆಯ ಬೆಲೆ.

ಅದೇ ಅಂಗಳದಲ್ಲಿ ‘ಆಫೀಸ್ ಖರ್ಚು’ ಎಂಬ ಮಾತು ಕೂಡ ಬರುತ್ತದೆ. ಮುದ್ರಾಂಕ ಶುಲ್ಕವೂ ನೋಂದಣಿ ಶುಲ್ಕವೂ ಕಾವೇರಿ ತಂತ್ರಾಂಶದಲ್ಲಿ ಲೆಕ್ಕ ಹಾಕಿ ಆನ್‌ಲೈನಿನಲ್ಲಿ ಖಜಾನೆಗೆ ಸಂದಾಯವಾಗುತ್ತವೆ; ಇದಕ್ಕೆ ಚಲನ್ ಉಂಟು. ಚಲನ್ ಇಲ್ಲದ ಖರ್ಚು ಯಾರ ಖರ್ಚು? ಅದರಲ್ಲಿ ಎಷ್ಟು ಒಳಗೆ ಹೋಗುತ್ತದೆ, ಎಷ್ಟು ಹೊರಗೇ ಉಳಿಯುತ್ತದೆಂಬುದು ತೆಗೆದುಕೊಂಡವನಿಗೆ ಮಾತ್ರ ಗೊತ್ತು. ಕಚೇರಿಯ ಹೆಸರು ಕೆಡಿಸುವುದೂ ಅವನೇ, ಆ ಕೆಟ್ಟ ಹೆಸರಿನ ಮೇಲೆ ಸಂಪಾದಿಸುವುದೂ ಅವನೇ. ಇವುಗಳ ಜೊತೆಗೆ ಹೊಸ ಕಾಲದ ಕೋರಿಕೆಯೊಂದು ಸೇರಿದೆ. ‘ನಿಮ್ಮ ಮೊಬೈಲಿಗೆ ಒಂದು ನಂಬರು ಬಂದಿದೆ ನೋಡಿ, ಓದಿ ಹೇಳಿ.’ ಹಿಂದಿನವರು ಖಾಲಿ ಛಾಪಾಕಾಗದಕ್ಕೆ ರುಜು ಹಾಕಿಸಿಕೊಳ್ಳುತ್ತಿದ್ದರು, ಇಂದಿನವರು ಓ.ಟಿ.ಪಿ. ಕೇಳುತ್ತಾರೆ. ಯಾವ ಅರ್ಜಿಗೆ ಆ ಅಂಕಿ ಎಂಬುದನ್ನು ತಿಳಿಯದೆ ಓದಿ ಹೇಳುವುದಕ್ಕೂ ಖಾಲಿ ಕಾಗದಕ್ಕೆ ರುಜು ಹಾಕುವುದಕ್ಕೂ ವ್ಯತ್ಯಾಸವಿಲ್ಲ.

ಇಷ್ಟಾದರೂ ನಾವು ಏಕೆ ಒಪ್ಪುತ್ತೇವೆ? ದಡ್ಡತನದಿಂದಲೆಂದು ಹೇಳಿ ಕೈತೊಳೆದುಕೊಳ್ಳಲಾಗದು. ಒಪ್ಪುವವರಲ್ಲಿ ಇಂಜಿನಿಯರುಗಳಿದ್ದಾರೆ, ವೈದ್ಯರಿದ್ದಾರೆ, ನನ್ನಂಥ ಉಪಾಧ್ಯಾಯ ವರ್ಗದವರಂತೂ ತುಂಬ ಇದ್ದಾರೆ. ಕಾರಣ ಮೂರು ಎಂದು ನನಗೆ ತೋರುತ್ತದೆ.

ಮೊದಲನೆಯದು ಆತುರ. ಬ್ಯಾಂಕಿನ ಸಾಲ ಮಂಜೂರಾಗಿರುತ್ತದೆ, ಬಾಡಿಗೆ ಮನೆಗೆ ನೋಟೀಸು ಕೊಟ್ಟಾಗಿರುತ್ತದೆ, ಮಗಳ ಶಾಲೆ ಶುರುವಾಗುವುದರೊಳಗೆ ಮನೆ ಬದಲಾಗಬೇಕಾಗಿರುತ್ತದೆ. ಈ ಎಲ್ಲ ದಿನಾಂಕಗಳೂ ದಲ್ಲಾಳಿಗೆ ಗೊತ್ತು, ಏಕೆಂದರೆ ನಾವೇ ಹೇಳಿರುತ್ತೇವೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಇಂಥವರನ್ನು ಕಂಡೇ ಇರಬೇಕು.

ಎರಡನೆಯದು ದಾಕ್ಷಿಣ್ಯ. ಇಲ್ಲವೆಂದರೆ ಎದುರಿನವರು ಏನಂದುಕೊಂಡಾರು ಎಂಬ ಅಂಜಿಕೆಯನ್ನು ನಾವು ಸದ್ಗುಣವೆಂದು ಬೆಳೆಸಿಕೊಂಡು ಬಂದಿದ್ದೇವೆ. ಕಾಗದ ಕೇಳುವುದು ಅಪನಂಬಿಕೆಯ ಗುರುತು, ನಂಬುವುದು ಸಂಸ್ಕೃತಿಯ ಗುರುತು ಎಂಬ ಭ್ರಮೆ ನಮ್ಮಲ್ಲಿ ಬೇರುಬಿಟ್ಟಿದೆ. ಕನ್ನಡ ಪಾಠ ಹೇಳುವವನಾಗಿ ಈ ಮಾತನ್ನು ನಾನು ಸುಮ್ಮನೆ ಕೇಳಿಕೊಂಡಿರಲಾರೆ. ನಮ್ಮ ಸಂಸ್ಕೃತಿ ಯಾವುದೆಂದು ತಿಳಿಯಬೇಕಾದರೆ ಶಾಸನಗಳನ್ನು ನೋಡಬೇಕು. ದೇವರಿಗೆ ಕೊಟ್ಟ ಹೊಲವನ್ನೂ ಬಾಯಿಮಾತಿಗೆ ಬಿಡದೆ ಕಲ್ಲಿನಲ್ಲಿ ಕೊರೆಸಿದ ಜನ ನಾವು. ಮೂಡಲಿಗೆ ಯಾವ ಕಲ್ಲು, ತೆಂಕಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಮರ, ಬಡಗಲಿಗೆ ಯಾವ ದಾರಿ ಎಂದು ನಾಲ್ಕು ಎಲ್ಲೆಗಳನ್ನು ಬರೆಸಿ, ಸಾಕ್ಷಿಗಳ ಹೆಸರು ಹಾಕಿಸಿ, ಸಾಲದೆಂದು ತಪ್ಪಿ ನಡೆದವನಿಗೆ ಶಾಪವನ್ನೂ ಕೆತ್ತಿಸಿದರು. ಕೊಟ್ಟವನು ಅರಸ, ಪಡೆದವನು ದೇವರು. ಆದರೂ ‘ನಂಬಿಕೆಯ ಮೇಲೆ ನಡೆಯಲಿ’ ಎನ್ನಲಿಲ್ಲ. ಆ ಜನರ ಮೊಮ್ಮಕ್ಕಳು ಜೀವಮಾನದ ಉಳಿತಾಯವನ್ನು ‘ನಾನಿದ್ದೀನಲ್ಲ ಸಾರ್’ ಎಂಬ ನಾಲಗೆಯ ಮೇಲಿನ ಶಾಸನಕ್ಕೆ ಒಪ್ಪಿಸುವುದು ಯಾವ ಸಂಸ್ಕೃತಿ?

ಮೂರನೆಯ ಕಾರಣ ಭಾಷೆ. ಇದು ನನ್ನ ಕಸುಬಿಗೆ ಸೇರಿದ್ದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಮ್ಮ ಕನ್ನಡ ಕ್ರಯಪತ್ರಗಳಲ್ಲಿ ಇಂದಿಗೂ ‘ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ’ ಎಂಬ ಅಷ್ಟಭೋಗಗಳ ಪಟ್ಟಿ ಕಾಣುತ್ತದೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಬರುವ ಪಟ್ಟಿಯೇ ಇದು. ನೆಲದಡಿಯ ನಿಧಿಯಿಂದ ಹಿಡಿದು ಮುಂದೆ ಆ ನೆಲದಿಂದ ಸಾಧ್ಯವಾಗಬಹುದಾದ ಆದಾಯದವರೆಗೆ ಎಲ್ಲವೂ ಕೊಂಡವನಿಗೆ ಸಲ್ಲುತ್ತದೆಂಬ ಅರ್ಥ ಅದರಲ್ಲಿದೆ. ಅಂದಿನವರಿಗೆ ಅದು ಅರ್ಥವಿದ್ದ ಮಾತು. ಇಂದು ಮೂರನೆಯ ಮಹಡಿಯ ಎರಡು ಕೋಣೆಯ ಫ್ಲ್ಯಾಟನ್ನು ಕೊಂಡವನಿಗೆ ನಿಧಿನಿಕ್ಷೇಪ ಬರೆದುಕೊಟ್ಟು, ಗಾಡಿ ನಿಲ್ಲಿಸುವ ಜಾಗ ಯಾವುದೆಂದು ಬರೆಯದೆ ಬಿಟ್ಟ ಪತ್ರಗಳುಂಟು. ಅನೇಕ ಪತ್ರಗಳು ಇಂಗ್ಲಿಷಿನಲ್ಲಿರುತ್ತವೆ. ಒಂದು ವಾಕ್ಯ ಒಂದು ಪುಟ. ಕನ್ನಡ ಬಲ್ಲವನಿಗೆ ಕನ್ನಡದ್ದು ಅರ್ಥವಾಗದು, ಇಂಗ್ಲಿಷ್ ಬಲ್ಲವನಿಗೆ ಇಂಗ್ಲಿಷಿನದು ಅರ್ಥವಾಗದು. ಅರ್ಥವಾಗದ ಕಾಗದದ ಮುಂದೆ ಕುಳಿತ ಪಂಡಿತನೂ ಪಾಮರನೇ. ಆಗ ಪಕ್ಕದಲ್ಲಿ ನಿಂತು ‘ಇದು ಮಾಮೂಲು ಸಾರ್’ ಎನ್ನುವವನೇ ಭಾಷ್ಯಕಾರನಾಗುತ್ತಾನೆ. ದಲ್ಲಾಳಿಯ ಬಲದ ಅರ್ಧ ಭಾಗ ನಮ್ಮ ದಸ್ತಾವೇಜುಗಳ ಭಾಷೆಯಿಂದ ಬಂದದ್ದು. ಅದನ್ನು ತಿಳಿಗನ್ನಡಕ್ಕೆ ತರುವ ಕೆಲಸವನ್ನು ನಾವು, ಕನ್ನಡದ ಅಧ್ಯಾಪಕರು, ನಮ್ಮದೆಂದು ಎಣಿಸದಿರುವುದು ಸಣ್ಣ ಲೋಪವಲ್ಲ.

ನನ್ನ ಮಾತಿಗೆ ಬರುವ ಆಕ್ಷೇಪಣೆಗಳನ್ನು ಬಲ್ಲೆ. ‘ಇಷ್ಟು ಬಿಗಿ ಮಾಡಿದರೆ ಯಾರೂ ಮನೆ ಕೊಳ್ಳಲಾರರು’ ಎಂಬುದು ಒಂದು. ಬಿಗಿ ಮಾಡಿದರೆ ಮುರಿದುಬೀಳುವ ವ್ಯವಹಾರ ಮುರಿದುಬೀಳುವುದೇ ಲೇಸು. ಕರಾರಿನ ಹಂತದಲ್ಲಿ ಮುರಿದರೆ ಕಳೆಯುವುದು ಕೆಲವು ದಿನ, ಕ್ರಯದ ಮೇಲೆ ಮುರಿದರೆ ಕಳೆಯುವುದು ಕೆಲವು ವರ್ಷ. ‘ದಲ್ಲಾಳಿಯೂ ಹೊಟ್ಟೆಪಾಡಿನವನು, ನೂರು ಮನೆ ತೋರಿಸಿ ಒಂದು ಕುದುರಿಸುತ್ತಾನೆ’ ಎಂಬುದು ಇನ್ನೊಂದು. ಈ ಮಾತಿನಲ್ಲಿ ನಿಜವಿದೆ. ಬಿಸಿಲಲ್ಲಿ ಅಲೆದು ಮನೆ ತೋರಿಸಿದವನನ್ನು ತಪ್ಪಿಸಿ, ಹಿಂದಿನಿಂದ ತಾವೇ ಮಾತಾಡಿಕೊಂಡು ಅವನ ಕೂಲಿಯನ್ನು ನುಂಗುವ ಗೃಹಸ್ಥರೂ ನಮ್ಮಲ್ಲಿ ಕಡಮೆಯಿಲ್ಲ. ಅಂಥ ಕಹಿ ಉಂಡವನು ಮುಂದಿನ ವ್ಯವಹಾರದಲ್ಲಿ ಮೊದಲೇ ಕೈ ಚಾಚಿದರೆ ಆಶ್ಚರ್ಯವೇನು? ಆದರೆ ಇದರಿಂದ ಹುಟ್ಟುವ ತೀರ್ಮಾನ ಏನು? ಅವನ ಕೂಲಿಯೂ ಬರವಣಿಗೆಯಲ್ಲಿರಬೇಕೆಂಬುದೇ. ಎಷ್ಟು, ಯಾರಿಂದ, ಯಾವ ದಿನ ಎಂಬುದನ್ನು ಮೊದಲೇ ಬರೆದುಕೊಂಡು, ನೋಂದಣಿಯ ದಿನ ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆದರೆ, ಒಳ್ಳೆಯ ದಲ್ಲಾಳಿಗೆ ಅದರಿಂದ ಲಾಭವೇ. ಕಾಗದ ಕಂಡರೆ ಓಡುವವನು ಮಾತ್ರ ಇದನ್ನು ವಿರೋಧಿಸಿಯಾನು.

‘ಇದಕ್ಕೆಲ್ಲ ಈಗ ರೇರಾ ಬಂದಿದೆಯಲ್ಲ’ ಎನ್ನುವವರೂ ಇದ್ದಾರೆ. 2016ರ ಆ ಕಾಯ್ದೆ ಒಳ್ಳೆಯ ಕಾಯ್ದೆ. ಅದರ ಪ್ರಕಾರ ಏಜೆಂಟನು ನೋಂದಾಯಿಸಿಕೊಳ್ಳಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡವನ್ನು ಪ್ರವರ್ತಕನು ಪಡೆಯಕೂಡದು. ಆದರೆ ಕಾಯ್ದೆಯ 9ನೆಯ ಕಲಮನ್ನು ಓದಿ ನೋಡಿ. ಏಜೆಂಟನ ನೋಂದಣಿ ಬೇಕಾಗುವುದು ನೋಂದಾಯಿತ ಯೋಜನೆಗಳಲ್ಲಿ ಪ್ರವರ್ತಕನು ಮಾರುವ ಮನೆ ನಿವೇಶನಗಳಿಗೆ. ನಿವೃತ್ತ ಗುಮಾಸ್ತನು ನಲವತ್ತು ವರ್ಷದ ಹಿಂದೆ ಕಟ್ಟಿಸಿದ ಮನೆಯನ್ನು ಮತ್ತೊಬ್ಬ ಗುಮಾಸ್ತನಿಗೆ ಮಾರುವಾಗ ನಡುವೆ ನಿಲ್ಲುವವನಿಗೆ ಯಾವ ನೋಂದಣಿಯೂ ಬೇಡ, ಯಾವ ಲೆಕ್ಕಪುಸ್ತಕವೂ ಬೇಡ. ಕೋಟಿಗಟ್ಟಲೆ ಹೂಡುವ ಕಂಪನಿಗಳ ಗಿರಾಕಿಗೆ ಕಾವಲುಂಟು. ಹಳೆಯ ಮನೆ ಕೊಳ್ಳುವ ಮಧ್ಯಮ ವರ್ಗದವನಿಗೆ, ಮಾರುವ ವಿಧವೆಗೆ, ಕಾವಲಿಲ್ಲ. ಕಾವಲು ಬೇಕಾದ ಕಡೆಯೇ ಬಾಗಿಲು ತೆರೆದು ಬಿಟ್ಟಂತಾಗಿದೆ. ಮರುಮಾರಾಟದ ದಲ್ಲಾಳಿಯನ್ನೂ ನೋಂದಣಿಗೆ ಒಳಪಡಿಸುವುದು ಸರ್ಕಾರದ ಕರ್ತವ್ಯ. ಕ್ರಯಪತ್ರದಲ್ಲಿ ಬೆಲೆ ಬರೆಯುವಂತೆ ನಡುವೆ ನಿಂತವನ ಹೆಸರನ್ನೂ ಅವನು ಇಬ್ಬರಿಂದ ಪಡೆದ ಹಣವನ್ನೂ ಬರೆಯುವ ಒಂದು ಅಂಕಣ ಸೇರಿಸಿದರೆ, ಅರ್ಧಕ್ಕರ್ಧ ಕೋರಿಕೆಗಳು ತಾವಾಗಿಯೇ ಬಾಯಿ ಮುಚ್ಚುತ್ತವೆ.

ಸರ್ಕಾರ ಅಷ್ಟು ಮಾಡುವವರೆಗೆ ಕಾಯಬೇಕಾಗಿಲ್ಲ. ನೋಂದಣಿ ಎಂಬುದು ಹಕ್ಕಿನ ಭರವಸೆಯಲ್ಲವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅಧಿಕಾರಿ ವಿಚಾರಿಸುವುದು ಮುಖ್ಯವಾಗಿ ಬರೆದುಕೊಟ್ಟವರು ಒಪ್ಪುತ್ತಾರೆಯೇ ಎಂಬುದನ್ನು, ಬರೆದುಕೊಡುವ ಹಕ್ಕು ಅವರಿಗಿತ್ತೇ ಎಂಬುದನ್ನಲ್ಲ. ಹಕ್ಕನ್ನು ನೋಡಿಕೊಳ್ಳಬೇಕಾದವರು ನಾವು. ಋಣಭಾರದ ಪ್ರಮಾಣಪತ್ರವನ್ನು, ಎಂದರೆ ಇ.ಸಿ.ಯನ್ನು, ದಲ್ಲಾಳಿ ತಂದ ನಕಲಿನಲ್ಲಿ ನೋಡದೆ ನಾವೇ ಅರ್ಜಿ ಹಾಕಿ ಪಡೆಯಬೇಕು. ಕರಾರಿನ ದಿನ ಒಮ್ಮೆ, ಕ್ರಯದ ಹಿಂದಿನ ದಿನ ಮತ್ತೊಮ್ಮೆ ನೋಡಬೇಕು. ನಡುವೆ ಬಂದ ಅಡಮಾನ ಎರಡನೆಯ ನೋಟದಲ್ಲಿ ಮಾತ್ರ ಸಿಕ್ಕೀತು. ಮೂಲಪತ್ರಗಳನ್ನು ಓದಲು ಕೊಡಬಹುದು, ಒಯ್ಯಲು ಕೊಡಬಾರದು. 55ನೆಯ ಕಲಮಿನ ಪ್ರಕಾರ, ಸ್ವತ್ತಿನ ಬಗೆಗೂ ಹಕ್ಕಿನ ಬಗೆಗೂ ಕೊಳ್ಳುವವನು ಕೇಳಿದ ಸಂಗತವಾದ ಪ್ರಶ್ನೆಗಳಿಗೆ ತನಗೆ ತಿಳಿದಮಟ್ಟಿಗೆ ಉತ್ತರ ಕೊಡಲು ಮಾರುವವನು ಬದ್ಧ. ಆ ಪ್ರಶ್ನೆಗಳನ್ನು ದಲ್ಲಾಳಿಯ ಮೂಲಕ ಕೇಳದೆ ನೇರವಾಗಿ ಕೇಳಬೇಕು. ಕೊಡುವವನೂ ಕೊಳ್ಳುವವನೂ ಒಬ್ಬರ ದೂರವಾಣಿ ಇನ್ನೊಬ್ಬರಲ್ಲಿ ಇಟ್ಟುಕೊಳ್ಳುವುದನ್ನು ದಲ್ಲಾಳಿಗಳು ಎಷ್ಟು ಎಚ್ಚರದಿಂದ ತಪ್ಪಿಸುತ್ತಾರೆಂಬುದನ್ನು ನೋಡಿದರೆ, ಆ ಒಂದು ಮಾತುಕತೆಗೆ ಎಷ್ಟು ಬೆಲೆಯಿದೆಯೆಂಬುದು ತಿಳಿಯುತ್ತದೆ. ‘ಅವರು ಹೀಗೆ ಕೇಳುತ್ತಿದ್ದಾರೆ’ ಎಂದು ಇವರಿಗೆ, ‘ಇವರು ಹೀಗೆ ಕೇಳುತ್ತಿದ್ದಾರೆ’ ಎಂದು ಅವರಿಗೆ ಹೇಳಿದ ಕೋರಿಕೆಗಳಲ್ಲಿ ಯಾರೂ ಕೇಳದವು ಎಷ್ಟೋ ಇರುತ್ತವೆ.

ಇನ್ನು ವಿಚಿತ್ರವಾದ ಕೋರಿಕೆ ಬಂದಾಗ ಜಗಳವಾಡಬೇಕಾಗಿಲ್ಲ, ಕಳ್ಳನೆಂದು ಕರೆಯಬೇಕಾಗಿಯೂ ಇಲ್ಲ. ಕನ್ನಡದಲ್ಲಿ ಎರಡೇ ಶಬ್ದದ ಒಂದು ವಾಕ್ಯ ಸಾಕು: ‘ಬರೆದು ಕೊಡಿ.’ ಬೀಗದ ಕೈ ಬೇಕೆ? ಯಾವ ದಿನ, ಎಷ್ಟು ಹೊತ್ತು, ಯಾರ ಹೊಣೆಯಲ್ಲಿ ಎಂದು ಕೊಳ್ಳುವವರೇ ಬರೆದು ಕೊಡಲಿ; ಮಾರುವವರು ಬಾಗಿಲಲ್ಲಿ ಕುಳಿತಿರಲಿ, ಹಾಲುಕ್ಕಿದ ಮೇಲೆ ಪ್ರಸಾದದ ಜೊತೆಗೆ ಬೀಗದ ಕೈಯನ್ನೂ ಪಡೆದು ಹೋಗಲಿ. ಹೆಚ್ಚಿನ ಹಣ ಬೇಕೆ? ಯಾವ ಬಾಬಿಗೆಂದು ಬರೆದು ರುಜು ಹಾಕಲಿ. ಹೆಸರು ಬದಲಾಗಬೇಕೆ? ಹೊಸಬರನ್ನು ಕರೆದು ತಂದು ಎದುರಿಗೆ ಕೂರಿಸಿ, ಅವರು ಕೊಡುತ್ತಿರುವ ಬೆಲೆ ಎಷ್ಟೆಂದು ಅವರ ಕೈಯಲ್ಲೇ ಬರೆಸಲಿ. ಬರೆಯಲು ಒಪ್ಪಿದ ಕೋರಿಕೆಯನ್ನು ವಕೀಲರಿಗೆ ತೋರಿಸಿ ವಿಚಾರ ಮಾಡಬಹುದು. ಬರೆಯಲು ಒಪ್ಪದ ಕೋರಿಕೆಗೆ ವಿಚಾರವೇ ಬೇಡ. ಅದು ತನ್ನ ತೀರ್ಪನ್ನು ತಾನೇ ಹೇಳಿಕೊಂಡಾಯಿತು.

ಮನೆಯೆಂಬುದು ನಮ್ಮಂಥವರ ಬಾಳಿನಲ್ಲಿ ಒಮ್ಮೆ ಆಗುವ ಕೆಲಸ. ಇಪ್ಪತ್ತು ವರ್ಷದ ಕಂತು, ಭವಿಷ್ಯನಿಧಿಯ ಸಾಲ, ಹೆಂಡತಿಯ ಮೈಮೇಲಿನ ಬಂಗಾರ, ಊರಿನ ತುಂಡು ಹೊಲ ಇವೆಲ್ಲ ಕರಗಿ ಒಂದು ಬಾಗಿಲಾಗುತ್ತವೆ. ಮಾರುವವರಿಗಾದರೂ ಅಷ್ಟೆ, ಮುಪ್ಪಿನ ಔಷಧಕ್ಕೂ ಅನ್ನಕ್ಕೂ ಆಸರೆಯಾಗಿರುವ ಒಂದೇ ಆಸ್ತಿ ಅದು. ದಲ್ಲಾಳಿಗೆ ಇದು ಆ ತಿಂಗಳ ನಾಲ್ಕನೆಯ ವ್ಯವಹಾರ. ಒಬ್ಬನಿಗೆ ನಾಲ್ಕರಲ್ಲಿ ಒಂದಾದದ್ದು ಇನ್ನೊಬ್ಬನಿಗೆ ಬಾಳಿನಲ್ಲಿ ಒಂದೇ ಆಗಿರುವಾಗ, ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾರು? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವ ಅಭ್ಯಾಸ ನಮಗೆ ಬರಬೇಕು. ಕ್ರಯವಾದ ಮೇಲಲ್ಲ, ಕ್ರಯಕ್ಕೆ ಮೊದಲು.